ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಲ್ಯಾಕ್ಟೋಸ್ ಆಗದಿರುವುದೇ ಕಾರಣವೆಂದು ಮನೆಯಲ್ಲೇ ತಿಳಿಯಬಹುದೇ?

ಬಹುಮಟ್ಟಿಗೆ ತಿಳಿಯಬಹುದು. ಎರಡು ವಾರ ಹಾಲು, ಹಾಲು ಹಾಕಿದ ಕಾಫಿ-ಟೀ, ಪೇಡ, ಹಾಲಿನ ಪುಡಿ ಸೇರಿದ ಬಿಸ್ಕತ್ತು ಎಲ್ಲ ಬಿಡಿ. ಆಮೇಲೆ ಒಂದು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅರ್ಧ ಲೀಟರ್ ಹಾಲು ಕುಡಿದು, ನಾಲ್ಕೈದು ಗಂಟೆ ಬೇರೇನೂ ತಿನ್ನದೆ ಗಮನಿಸಿ. ಅಷ್ಟು ಹಾಲಿನಲ್ಲಿ ಸುಮಾರು 24 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಇರುತ್ತದೆ. ಸಣ್ಣ ಕರುಳಿನಲ್ಲಿ ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಸಾಲದಿದ್ದರೆ ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ, ನೀರೂ ಸೇರಿ ಭೇದಿಯಾಗುತ್ತದೆ.

ತೊಂದರೆಯಾದರೆ ಇನ್ನೊಂದು ದಿನ ಅಷ್ಟೇ ಪ್ರಮಾಣದ ಲ್ಯಾಕ್ಟೋಸ್-ರಹಿತ ಹಾಲು ಕುಡಿದು ನೋಡಿ. ಬಹಳ ಜನ ಬಿಟ್ಟುಬಿಡುವುದು ಈ ಹೆಜ್ಜೆಯನ್ನೇ. ಅದರಲ್ಲೂ ಹೊಟ್ಟೆ ಕೆಟ್ಟರೆ ಕಾರಣ ಬೇರೆ.

ಹಾಲಿನಿಂದ ದದ್ದು, ತುಟಿ ಊತ, ಉಬ್ಬಸ ಬರುವವರು ಇದನ್ನು ಮಾಡಲೇಬಾರದು; ಅದು ಅಲರ್ಜಿ ಇರಬಹುದು, ವೈದ್ಯರನ್ನು ಕಾಣಿ.