ಎದುರು ಪಾಳಯದ ಚಾನೆಲ್‌ಗೆ ಯಾಕೆ ಹೋಗಬಾರದು?

ಅಮೆರಿಕದ ನ್ಯೂಜೆರ್ಸಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ಡೆಮಾಕ್ರಟಿಕ್ ಪಕ್ಷ ತನ್ನ ಪ್ರೈಮರಿ ಚರ್ಚೆಯನ್ನು ರಿಪಬ್ಲಿಕನ್ನರ ಕಡೆ ವಾಲಿದ ಫಾಕ್ಸ್ ನ್ಯೂಸ್ ಚಾನೆಲ್‌ನಲ್ಲೂ ನಡೆಸಬೇಕಿತ್ತು ಎಂದು ನೀವು ಹೋದ ಸಂಚಿಕೆಯಲ್ಲಿ ಬರೆದದ್ದು ನನಗೆ ಹಿಡಿಸಲಿಲ್ಲ. ಪ್ರೈಮರಿ ಅಂದರೆ ಪಕ್ಷದವರು ತಮ್ಮ ಅಭ್ಯರ್ಥಿಯನ್ನು ತಾವೇ ಆರಿಸಿಕೊಳ್ಳುವುದು. ಪಕ್ಷವನ್ನು ದಿನಾ ಬೈಯುವವರನ್ನು ಕರೆದು ಪ್ರಶ್ನೆ ಕೇಳಿಸೋದು ಯಾವ ನ್ಯಾಯ? ಅಷ್ಟು ಇಷ್ಟವಿದ್ದರೆ, ನೋಡಲೇಬೇಕಾದ ಒಂದು ಕಾರ್ಯಕ್ರಮ ಹೇಳಿ."

ಪತ್ರ ಖಾರವಾಗಿದೆ, ಸಂತೋಷ. ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಫಾಕ್ಸ್ ಮೇಲೆ ನಿಮಗಿರುವ ಸಿಟ್ಟಿಗೆ ಕಾರಣವಿದೆ. 2020ರ ಚುನಾವಣೆಯ ಬಗ್ಗೆ ಸುಳ್ಳು ಹಬ್ಬಿಸಿದ ಮೊಕದ್ದಮೆಯಲ್ಲಿ ಆ ಚಾನೆಲ್ 2023ರ ಏಪ್ರಿಲ್‌ನಲ್ಲಿ ಡೊಮಿನಿಯನ್ ಎಂಬ ಮತಯಂತ್ರ ಕಂಪನಿಗೆ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಇದು ಸಣ್ಣ ಮಾತಲ್ಲ.

ಆದರೆ ಡೆಮಾಕ್ರಟರು ಅಲ್ಲಿಗೆ ಹೋಗದಿರುವುದು ಆಮೇಲೆ ಶುರುವಾಗಿದ್ದಲ್ಲ, ಅಲ್ವಾ? 2007ರಲ್ಲೇ ನೆವಾಡದ ಡೆಮಾಕ್ರಟಿಕ್ ಪಕ್ಷ ಫಾಕ್ಸ್ ಜೊತೆ ಗೊತ್ತು ಮಾಡಿದ್ದ ಚರ್ಚೆಯನ್ನು ರದ್ದು ಮಾಡಿತು. 2019ರ ಮಾರ್ಚ್‌ನಲ್ಲಿ ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷ ಟಾಮ್ ಪೆರೆಜ್ ಫಾಕ್ಸ್‌ಗೆ ಒಂದು ಚರ್ಚೆಯನ್ನೂ ಕೊಡುವುದಿಲ್ಲ ಎಂದರು. ಹೀಗೆ ಬಾಗಿಲು ಹಾಕಿಕೊಂಡು ಪಕ್ಷಕ್ಕೆ ಸಿಕ್ಕಿದ್ದೇನು? ಫಾಕ್ಸ್ ಚಿಕ್ಕದಾಗಲಿಲ್ಲ. ಅದನ್ನು ನೋಡುವ ಜನಕ್ಕೆ ಡೆಮಾಕ್ರಟಿಕ್ ಅಭ್ಯರ್ಥಿಗಳ ಪೂರ್ತಿ ಮಾತು ಕೇಳುವ ಅವಕಾಶ ತಪ್ಪಿತು, ಅಷ್ಟೇ. ಅವರಿಗೆ ಸಿಕ್ಕಿದ್ದು ಅಭ್ಯರ್ಥಿಗಳ ಬಗ್ಗೆ ಬೇರೆಯವರು ಆಡಿದ ಮಾತು.

ತವರುಮನೆಯಲ್ಲಿ ಮಗಳ ಅಡುಗೆಗೆ ಹುಳುಕು ಹುಡುಕುವವರು ಯಾರು? ತಮ್ಮವರೇ ನಡೆಸಿಕೊಡುವ ಚರ್ಚೆಯದ್ದೂ ಇದೇ ಕಥೆ. ಹುಡುಕಿದರೂ ಕಷ್ಟ. ರಿಪಬ್ಲಿಕನ್ನರ ಕಡೆ ಏನಾಯಿತು ನೋಡಿ. 2015ರ ಆಗಸ್ಟ್ 6ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಫಾಕ್ಸ್ ನಡೆಸಿದ ಮೊದಲ ಚರ್ಚೆಯನ್ನು ಸುಮಾರು 2.4 ಕೋಟಿ ಜನ ನೋಡಿದರು. ನಿಜ ಹೇಳಬೇಕೆಂದರೆ ಆ ರಾತ್ರಿ ಫಾಕ್ಸ್ ಒಳ್ಳೆಯ ಕೆಲಸ ಮಾಡಿತು. ಬೇರೆಯವರು ಅಭ್ಯರ್ಥಿಯಾದರೆ ಅವರಿಗೆ ಬೆಂಬಲ ಕೊಡುತ್ತೇನೆ ಎಂದು ಮಾತು ಕೊಡದವರು ಕೈ ಎತ್ತಿ ಎಂದು ಫಾಕ್ಸ್‌ನ ನಿರೂಪಕ ಬ್ರೆಟ್ ಬೇಯರ್ ಕೇಳಿದಾಗ ಕೈ ಎತ್ತಿದ್ದು ಟ್ರಂಪ್ ಒಬ್ಬರೇ. ಹೆಂಗಸರ ಬಗ್ಗೆ ಟ್ರಂಪ್ ಆಡಿದ್ದ ಮಾತುಗಳನ್ನು ಫಾಕ್ಸ್‌ನ ಇನ್ನೊಬ್ಬ ನಿರೂಪಕಿ ಮೆಗಿನ್ ಕೆಲ್ಲಿ, ಟ್ರಂಪ್ ಮುಂದೆಯೇ ಓದಿ ಹೇಳಿದರು. ಆಮೇಲೆ? ಟ್ರಂಪ್ ತಿಂಗಳುಗಟ್ಟಲೆ ಆಕೆಯ ಮೇಲೆ ಹರಿಹಾಯ್ದರು. 2016ರ ಜನವರಿಯಲ್ಲಿ ಡೆಮಾಯ್ನ್‌ನಲ್ಲಿ ನಡೆದ ಫಾಕ್ಸ್ ಚರ್ಚೆಗೆ ಬರಲೇ ಇಲ್ಲ, ಅದೇ ಹೊತ್ತಿಗೆ ಅದೇ ಊರಲ್ಲಿ ಬೇರೆ ಸಭೆ ಮಾಡಿದರು. 2023ರ ಆಗಸ್ಟ್‌ನಲ್ಲಿ ಮಿಲ್ವಾಕಿಯ ಚರ್ಚೆಗೂ ಗೈರು. ಅದೇ ರಾತ್ರಿ, ಫಾಕ್ಸ್‌ನಿಂದ ಹೊರಬಿದ್ದಿದ್ದ ನಿರೂಪಕ ಟಕರ್ ಕಾರ್ಲ್ಸನ್ ಜೊತೆಗಿನ ಅವರ ಸಂದರ್ಶನ ಬಂತು. ಪಕ್ಷದವರೇ ಚಾನೆಲ್ಲಿನ ಗಿರಾಕಿಗಳಾದ ಮೇಲೆ ಗಟ್ಟಿ ಪ್ರಶ್ನೆ ಕೇಳುವ ಸ್ವಾತಂತ್ರ್ಯ ಎಷ್ಟು ದಿನ ಉಳಿಯುತ್ತೆ ಹೇಳಿ!

ಪತ್ರಿಕೆ ನಡೆಸುವ ನನಗೆ ಇದಕ್ಕಿಂತ ನೋವು ಕೊಟ್ಟ ಸಂಗತಿ ಇನ್ನೊಂದಿದೆ. ನ್ಯಾಷನಲ್ ರಿವ್ಯೂ ಅಮೆರಿಕದ ಬಲಪಂಥೀಯರ ಹಳೆಯ ಪತ್ರಿಕೆ. 2016ರ ಫೆಬ್ರವರಿಯಲ್ಲಿ ಹ್ಯೂಸ್ಟನ್‌ನಲ್ಲಿ ನಡೆಯಬೇಕಿದ್ದ ಚರ್ಚೆಯಲ್ಲಿ ಅದೂ ಪಾಲುದಾರ. ಚರ್ಚೆಗೆ ಮೊದಲು ಅದು ಟ್ರಂಪ್ ಬೇಡ ಎಂದು ವಾದಿಸುವ ಸಂಚಿಕೆ ತಂದಿತು. ರಿಪಬ್ಲಿಕನ್ ಸಮಿತಿ ಕೂಡಲೇ ಅದನ್ನು ಚರ್ಚೆಯಿಂದ ಹೊರಗೆ ಹಾಕಿತು. ನಮ್ಮವರು ಅಂತ ಕರೆದವರಿಗೂ ಬೇರೆ ಅಭಿಪ್ರಾಯ ಹೇಳುವ ಹಾಗಿಲ್ಲ ಅಂದರೆ ಅಲ್ಲಿ ಚರ್ಚೆ ಎಲ್ಲಿಂದ ಬರಬೇಕು?

ಹಾಗಂತ ಎದುರು ಪಾಳಯದವರು ಕೇಳಿದ್ದೆಲ್ಲ ಚೆನ್ನಾಗಿರುತ್ತೆ ಎನ್ನುತ್ತಿಲ್ಲ. 2012ರ ಜನವರಿಯಲ್ಲಿ ಸೌತ್ ಕೆರೊಲಿನಾದಲ್ಲಿ ಸಿಎನ್‌ಎನ್‌ ಚಾನೆಲ್ಲಿನ ಜಾನ್ ಕಿಂಗ್ ಮೊದಲ ಪ್ರಶ್ನೆಯನ್ನೇ ರಿಪಬ್ಲಿಕನ್ ಅಭ್ಯರ್ಥಿ ನ್ಯೂಟ್ ಗಿಂಗ್ರಿಚ್ ಅವರ ಮಾಜಿ ಹೆಂಡತಿ ಹೇಳಿದ್ದರ ಮೇಲೆ ಕೇಳಿದರು. ಗಿಂಗ್ರಿಚ್ ಮಾಧ್ಯಮದವರನ್ನು ಝಾಡಿಸಿದರು, ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಎರಡೇ ದಿನಕ್ಕೆ ಆ ರಾಜ್ಯದ ಪ್ರೈಮರಿ ಗೆದ್ದರು. 2015ರ ಅಕ್ಟೋಬರ್‌ನಲ್ಲಿ ಬೋಲ್ಡರ್‌ನಲ್ಲಿ ಎನ್‌ಬಿಸಿಯ ಸೋದರ ಚಾನೆಲ್ ಸಿಎನ್‌ಬಿಸಿ ನಡೆಸಿದ ಚರ್ಚೆಯಲ್ಲಿ ಇನ್ನೊಬ್ಬ ರಿಪಬ್ಲಿಕನ್ ಅಭ್ಯರ್ಥಿ ಟೆಡ್ ಕ್ರೂಜ್ ಅದನ್ನೇ ಮಾಡಿದರು. ಬೆನ್ನಲ್ಲೇ ಪಕ್ಷ ಹ್ಯೂಸ್ಟನ್ ಚರ್ಚೆಯನ್ನು ಎನ್‌ಬಿಸಿಯಿಂದ ಕಿತ್ತುಕೊಂಡಿತು, ಆಮೇಲೆ ಸಿಎನ್‌ಎನ್‌ಗೆ ಕೊಟ್ಟಿತು. ಕೆಟ್ಟ ಪ್ರಶ್ನೆ ಕೇಳಿದರೆ ಅಭ್ಯರ್ಥಿಗೇ ಲಾಭ. ಅದಕ್ಕೆ ಮದ್ದು ಒಳ್ಳೆಯ ಪ್ರಶ್ನೆ. ಪ್ರಶ್ನೆ ಕೇಳುವವರನ್ನೇ ಬದಲಾಯಿಸಿದರೆ ಏನು ಬಂತು?

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿರುವ ಗೆಳೆಯರೊಬ್ಬರ ಮನೆಯಲ್ಲಿ ಉಳಿದುಕೊಂಡಿದ್ದೆ. ಮೈಸೂರಿನ ಕಡೆಯವರು, ಓದಿಕೊಂಡವರು. ಸಂಜೆ ಟೀವಿ ಹಾಕಿದರೆ ಒಂದೇ ಚಾನೆಲ್. ರಿಮೋಟ್ ತೆಗೆದುಕೊಂಡು ಬೇರೆಯದಕ್ಕೆ ತಿರುಗಿಸಿದೆ. "ಅದು ಬೇಡ ಸರ್, ಮಕ್ಕಳಿದ್ದಾರೆ" ಎಂದರು. ಅಲ್ಲಿ ಬರುತ್ತಿದ್ದದ್ದು ಮಾಮೂಲಿ ಸುದ್ದಿ! ಅವರ ಬೀದಿಯಲ್ಲೇ ಇನ್ನೊಂದು ಕನ್ನಡದ ಮನೆಯಿತ್ತು. ಅವರು ನೋಡುತ್ತಿದ್ದದ್ದು ಈ ಬೇಡವಾದ ಚಾನೆಲ್ಲನ್ನೇ. ಇಬ್ಬರೂ ಕನ್ನಡ ಸಂಘದ ಯುಗಾದಿ ಊಟಕ್ಕೆ ಒಂದೇ ಸಾಲಿನಲ್ಲಿ ಕೂರುತ್ತಾರೆ, ರಾಜಕೀಯ ಮಾತ್ರ ಆಡುವುದಿಲ್ಲ. ನನಗೆ ಭಯವಾಗೋದು ಈ ಮೌನದ ಬಗ್ಗೆ. ನಮ್ಮಲ್ಲೂ 2023ರ ಸೆಪ್ಟೆಂಬರ್‌ನಲ್ಲಿ ಇಂಡಿಯಾ ಮೈತ್ರಿಕೂಟ 14 ನಿರೂಪಕರ ಪಟ್ಟಿ ಮಾಡಿ, ಇವರ ಕಾರ್ಯಕ್ರಮಕ್ಕೆ ನಮ್ಮವರು ಹೋಗುವುದಿಲ್ಲ ಎಂದಿತು. ಅವರ ದೂರು ಪೊಳ್ಳಲ್ಲ. ಆದರೂ ಆಗಲೂ ನನಗೆ ಹೀಗೇ ಅನ್ನಿಸಿತು: ಹೋಗಿ, ಜಗಳವಾಡಿ, ನಿಮ್ಮ ಮಾತು ಹೇಳಿ ಬನ್ನಿ.

ಇನ್ನು ವೇದಿಕೆಯ ಮೇಲೆ ಯಾರು ನಿಲ್ಲಬೇಕು ಅನ್ನೋದನ್ನು ಮತ ಬೀಳುವ ಮೊದಲೇ ಚಾನೆಲ್ಲು, ಪಕ್ಷ ಸೇರಿ ತೀರ್ಮಾನಿಸುತ್ತಾರಲ್ಲ, ಅದರ ಬಗ್ಗೆ ನೀವು ಯಾಕೆ ಬರೆಯಲಿಲ್ಲ? 2015ರಲ್ಲಿ ಫಾಕ್ಸ್ ಸಮೀಕ್ಷೆಗಳ ಸರಾಸರಿ ಹಿಡಿದು 17 ಜನ ರಿಪಬ್ಲಿಕನ್ ಅಭ್ಯರ್ಥಿಗಳಲ್ಲಿ 10 ಮಂದಿಯನ್ನು ಮುಖ್ಯ ವೇದಿಕೆಗೆ ಕರೆಯಿತು. ಮಿಕ್ಕವರಿಗೆ ಸಂಜೆ ಹೊತ್ತು ಬೇರೆ ಚರ್ಚೆ. 2023ರಲ್ಲಿ ಮೊದಲ ಚರ್ಚೆಗೆ ಸಮೀಕ್ಷೆಯ ಜೊತೆಗೆ 40,000 ದಾನಿಗಳೂ ಬೇಕು ಎಂದು ಅದೇ ಪಕ್ಷ ನಿಯಮ ಮಾಡಿತು. ಅಭ್ಯರ್ಥಿಗಳಲ್ಲೊಬ್ಬರಾದ, ಆಗಿನ ನಾರ್ತ್ ಡಕೋಟಾ ಗವರ್ನರ್ ಡಗ್ ಬರ್ಗಮ್ 1 ಡಾಲರ್ ಕೊಟ್ಟವರಿಗೆ 20 ಡಾಲರಿನ ಗಿಫ್ಟ್ ಕಾರ್ಡ್ ಕೊಟ್ಟು ದಾನಿಗಳನ್ನು ಸೇರಿಸಿದರು. ಮತದಾರನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಾ? ನೀವು ನ್ಯೂಜೆರ್ಸಿಯಲ್ಲಿ ವೋಟು ಹಾಕುವವರು, ನಿಮ್ಮ ಸಿಟ್ಟಿನಲ್ಲಿ ಒಂದಿಷ್ಟು ಇದಕ್ಕೂ ಮೀಸಲಿಡಿ.

ನೋಡಲೇಬೇಕಾದ ಕಾರ್ಯಕ್ರಮ ಕೇಳಿದ್ದೀರಿ. 2019ರ ಏಪ್ರಿಲ್ 15ರಂದು ಪೆನ್ಸಿಲ್ವೇನಿಯಾದ ಬೆತ್ಲೆಹೆಮ್‌ನಲ್ಲಿ ಫಾಕ್ಸ್ ನಡೆಸಿದ ಸಭೆಗೆ, ಡೆಮಾಕ್ರಟಿಕ್ ಪ್ರೈಮರಿಯಲ್ಲಿದ್ದ ಬರ್ನಿ ಸ್ಯಾಂಡರ್ಸ್ ಹೋದರು. ಪಕ್ಷ ಬೇಡ ಎಂದ ಚಾನೆಲ್ಲೇ ಅದು. ಇದು ಚರ್ಚೆಯಲ್ಲ, ಒಬ್ಬರೇ ಜನರ ಪ್ರಶ್ನೆಗೆ ಉತ್ತರ ಕೊಡುವ ಸಭೆ, ಆದರೂ ನನ್ನ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 25 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಕಂಪನಿ ಕೊಡುವ ಆರೋಗ್ಯ ವಿಮೆ ಬಿಟ್ಟು ಸರ್ಕಾರದ ವಿಮೆಗೆ ಬರಲು ಯಾರು ತಯಾರಿದ್ದೀರಿ ಎಂದು ಬೇಯರ್ ಸಭಿಕರನ್ನು ಕೇಳಿದಾಗ ಕೂಗು, ಚಪ್ಪಾಳೆ ಜೋರಾಗಿ ಎದ್ದಿತು. ಆ ಜಾಗವನ್ನು ಎರಡು ಸಲ ನೋಡಿ. ಅದರ ಮುಂದಿನ ತಿಂಗಳು ಅದೇ ಪ್ರೈಮರಿಯ ಇನ್ನೊಬ್ಬ ಅಭ್ಯರ್ಥಿ ಎಲಿಜಬೆತ್ ವಾರನ್ ಅದೇ ಚಾನೆಲ್ಲಿನ ಕರೆಗೆ ಒಲ್ಲೆ ಎಂದರು. ಫಾಕ್ಸ್ ಮೇಲೆ ಅವರಿಗೂ ನಿಮ್ಮ ಹಾಗೇ ಸಿಟ್ಟಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಯೋಚಿಸಿ, ಆಮೇಲೂ ನಾನು ತಪ್ಪು ಅನ್ನಿಸಿದರೆ ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇನೆ.

— ಸಂಪಾದಕ