ಫುಲ್ ಇನ್ಶೂರೆನ್ಸ್ ಇದ್ದರೂ ಕೈಯಿಂದ ದುಡ್ಡು ಯಾಕೆ?

ಪ್ರಶ್ನೆ: ನನ್ನ ಊರು ಬದಿಯಡ್ಕ. ಮೊನ್ನೆ ಮಳೆಯಲ್ಲಿ ಉಪ್ಪಳದ ಹತ್ತಿರ ಕಾರು ಜಾರಿ ಡಿವೈಡರಿಗೆ ಬಡಿಯಿತು. ಯಾರಿಗೂ ಪೆಟ್ಟಾಗಿಲ್ಲ. 1200 ಸಿಸಿ ಕಾರು, ಮೂರು ವರ್ಷ ದಾಟಿದೆ, ಈವರೆಗೆ ಕ್ಲೇಮ್ ಮಾಡಿಲ್ಲ. ಎಸ್ಟಿಮೇಟ್ 22,000 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಾನೇ ಕೊಡಬೇಕಂತೆ! ಕ್ಲೇಮ್ ಮಾಡಲೋ ಬೇಡವೋ?

ಉತ್ತರ: ಯಾರಿಗೂ ಪೆಟ್ಟಾಗಿಲ್ಲ, ಅದೇ ದೊಡ್ಡದು. ನೀವು ಕಳಿಸಿದ ಎಸ್ಟಿಮೇಟ್ ಮತ್ತು ಪಾಲಿಸಿ ಎರಡನ್ನೂ ನೋಡಿದೆ. ಬಂಪರ್ 6,000. ಅದು ಪ್ಲಾಸ್ಟಿಕ್, ಸವಕಳಿ (ಬಳಸಿದ ಭಾಗದ ಬೆಲೆ ಇಳಿಕೆ) ಅಂತ ಅರ್ಧ ಹೋಗುತ್ತದೆ. ಹೆಡ್‌ಲೈಟ್ 8,000, ಅದಕ್ಕೂ ಹಾಗೆಯೇ. ಎಸಿ ಕಂಡೆನ್ಸರ್ 4,000. ಲೋಹದ ಭಾಗ, ಕಾರಿಗೆ ಮೂರು ವರ್ಷ ದಾಟಿದ್ದರಿಂದ ಕಾಲು ಭಾಗ ಕಡಿತ. ಕೂಲಿ 4,000 ಪೂರ್ತಿ ಸಿಗುತ್ತದೆ. ಕಡಿತವೆಲ್ಲ ಹೋಗಿ ಒಟ್ಟು 14,000 ಆಯಿತು.

ಇದರಲ್ಲಿ ಡಿಡಕ್ಟಿಬಲ್ ಕಳೆಯಬೇಕು. ಪ್ರತಿ ಕ್ಲೇಮಿಗೂ ನೀವೇ ಹೊರಬೇಕಾದ ಪಾಲು ಅದು. 1500 ಸಿಸಿವರೆಗಿನ ಕಾರಿಗೆ 1,000 ಕಡ್ಡಾಯ, ಅದಕ್ಕಿಂತ ದೊಡ್ಡದಕ್ಕೆ 2,000. ಪ್ರೀಮಿಯಂ ಇಳಿಯಲಿ ಅಂತ ನೀವು ಇನ್ನೊಂದು 2,500 ಒಪ್ಪಿಕೊಂಡಿದ್ದೀರಿ, ಪಾಲಿಸಿಯಲ್ಲಿ ವಾಲಂಟರಿ ಡಿಡಕ್ಟಿಬಲ್ ಅಂತ ಬರೆದಿದೆ ನೋಡಿ. ಕೊನೆಗೆ ಕಂಪನಿ ಕೊಡುವುದು 10,500. ಝೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಹೆಚ್ಚುವರಿ ಕವರ್) ಇದ್ದಿದ್ದರೆ ಸವಕಳಿಯ ಕಡಿತ ತಪ್ಪುತ್ತಿತ್ತು, ಡಿಡಕ್ಟಿಬಲ್ ಆಗಲೂ ತಪ್ಪುತ್ತಿರಲಿಲ್ಲ.

ಈಗ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ನೋಡಿ. ಇದನ್ನು ಜನ ಮರೆತೇಬಿಡುತ್ತಾರೆ. ನಿಮಗೀಗ 35% ಇದೆ. ಸುಮ್ನೆ ಬಿಟ್ಟರೆ ಮುಂದಿನ ವರ್ಷ 45%, ಆಮೇಲೆ 50%. ಕ್ಲೇಮ್ ಮಾಡಿದರೆ ಸೊನ್ನೆ, ನಂತರ 20%, 25%. ಓನ್ ಡ್ಯಾಮೇಜ್ ಪ್ರೀಮಿಯಂ (ನಿಮ್ಮ ಕಾರಿನ ಹಾನಿಗೆ ಕಟ್ಟುವ ಭಾಗ, ಬೋನಸ್ ಸಿಗುವುದು ಇದರ ಮೇಲೆ) ವರ್ಷಕ್ಕೆ 8,000 ಅಂತ ಹಿಡಿದರೆ ಮೊದಲ ವರ್ಷ 3,600, ಎರಡನೆಯದು 2,400, ಮೂರನೆಯದು 2,000 ನಷ್ಟ. 10,500 ತೆಗೆದುಕೊಳ್ಳಲು ಹೋಗಿ 8,000 ಬಿಟ್ಟ ಹಾಗೆ ಅಲ್ವಾ? ಇಷ್ಟೇ ಹಾನಿ ಆಗಿದ್ದರೆ ನಾನು ಕ್ಲೇಮ್ ಮಾಡುತ್ತಿರಲಿಲ್ಲ.

ಆದರೆ ಬಂಪರ್ ಬಿಚ್ಚಿದ ಮೇಲೆ ಒಳಗೆ ಚಾಸಿ (ಕಾರಿನ ಅಡಿಯ ಚೌಕಟ್ಟು) ಬಾಗಿದ್ದು ಕಂಡರೆ ಖರ್ಚು ಎಲ್ಲಿಗೋ ಹೋಗುತ್ತದೆ. ಆಗ ಕ್ಲೇಮ್ ಮಾಡಲೇಬೇಕು. ಅದಕ್ಕೇ ಕಂಪನಿಗೆ ಇವತ್ತೇ ತಿಳಿಸಿ. ಹಾನಿ ಅಂದಾಜು ಮಾಡುವ ಸರ್ವೇಯರ್ ನೋಡುವ ಮೊದಲು ರಿಪೇರಿ ಶುರು ಮಾಡಿಸಬೇಡಿ. ಮಂಗಳೂರಿನ ಗ್ಯಾರೇಜಿನಲ್ಲೂ ಮಾಡಿಸಬಹುದು, ಪಾಲಿಸಿಗೆ ತಲಪಾಡಿಯ ಕೇರಳ-ಕರ್ನಾಟಕ ಗಡಿ ಇಲ್ಲ.

ಕಂಪನಿಯವರು ಠಾಣೆಯ ಜಿಡಿ ಎಂಟ್ರಿ (ಠಾಣೆಯ ಡೈರಿಯಲ್ಲಿ ಅಪಘಾತದ ದಾಖಲೆ) ಕೇಳಿದರೆ ಕೇರಳ ಪೊಲೀಸರ ಪೋಲ್ ಆ್ಯಪ್‌ನಲ್ಲೂ ಅರ್ಜಿ ಹಾಕಬಹುದು. ಮಲಯಾಳಂ ಓದಲು ಬಾರದಿದ್ದರೆ ಆ ಎಂಟ್ರಿಯನ್ನು ಗೊತ್ತಿದ್ದವರ ಹತ್ತಿರ ಓದಿಸಿ. ದಿನ, ಜಾಗ, ಕಾರು ಓಡಿಸುತ್ತಿದ್ದವರ ಹೆಸರು ಅದರಲ್ಲೂ ಕ್ಲೇಮ್ ಫಾರ್ಮಿನಲ್ಲಿ ಇರುವ ಹಾಗೆಯೇ ಇರಬೇಕು.