ಬಳ್ಳಾರಿಯ 108 ಬಿಟ್ಟು ಡಲ್ಲಾಸ್‌ಗೆ ಬರುವ ತಂಗಿಗೆ

ತಂಗಿ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷ ಸಿರುಗುಪ್ಪ ಕಡೆ 108 ಆಂಬುಲೆನ್ಸ್‌ನಲ್ಲಿ ಇಎಂಟಿ, ಅಂದರೆ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ, ಆಗಿದ್ದೀಯ. ಮದುವೆಯಾಗಿದೆ, ಇನ್ನು ಮೂರು ತಿಂಗಳಲ್ಲಿ ಗಂಡನ ಕೆಲಸದ ವೀಸಾ ಆಧಾರದ ಮೇಲೆ ಸಿಗುವ ಎಚ್-4 ವೀಸಾದಲ್ಲಿ ಡಲ್ಲಾಸ್‌ಗೆ ಬರುತ್ತೀಯ. ಅಲ್ಲಿನ ಸರ್ಟಿಫಿಕೇಟ್ ಇಲ್ಲಿ ನಡೆಯುತ್ತಾ, ಇಎಂಟಿಗಿಂತ ಮೇಲಿನ ದರ್ಜೆಯ ಪ್ಯಾರಾಮೆಡಿಕ್ ಆಗೋಕೆ ಎಷ್ಟು ದಿನ ಬೇಕು, ಇಲ್ಲಿ ಬದುಕು ಹೇಗೆ ಅಂತ ಕೇಳಿದ್ದೀಯ. ನಾನು ಸಿಂಧನೂರಿನವಳು. 2009ರಲ್ಲಿ ನಿನ್ನ ಹಾಗೇ ಗಂಡನ ಹಿಂದೆ ಬಂದೆ. 2016ರಲ್ಲಿ ಇಎಂಟಿ ಆದೆ, 2019ರಲ್ಲಿ ಪ್ಯಾರಾಮೆಡಿಕ್. ಹಾಗಾಗಿ ನನಗೆ ಗೊತ್ತಿರುವುದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಸರ್ಟಿಫಿಕೇಟ್ ನಡೆಯಲ್ಲ. ಬೇಜಾರು ಮಾಡಿಕೊಳ್ಳಬೇಡ. ಟೆಕ್ಸಾಸ್‌ನಲ್ಲಿ ಆಂಬುಲೆನ್ಸ್ ಹತ್ತಬೇಕಾದರೆ ನ್ಯಾಷನಲ್ ರಿಜಿಸ್ಟ್ರಿ ಪರೀಕ್ಷೆ ಪಾಸಾಗಿ, ಆಮೇಲೆ ರಾಜ್ಯದ ಆರೋಗ್ಯ ಇಲಾಖೆಯಿಂದ ಸರ್ಟಿಫಿಕೇಟ್ ತಗೋಬೇಕು. ಆ ಪರೀಕ್ಷೆಗೆ ಕೂರಲು ಇಲ್ಲಿನ ಮಾನ್ಯತೆ ಇರುವ ಕೋರ್ಸ್ ಬೇಕು. ಇಎಂಟಿ ಕೋರ್ಸ್ ಎಂದರೆ ಸುಮಾರು 150 ಗಂಟೆಗಳಿಂದ ಮೇಲೆ. ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಸೆಮಿಸ್ಟರ್‌ಗೆ ಮುಗಿಯುತ್ತದೆ. ಪ್ಯಾರಾಮೆಡಿಕ್ ಬೇರೆ ಲೆಕ್ಕ. ಇಎಂಟಿ ಆದ ಮೇಲೆ ಇನ್ನೂ ಸಾವಿರಕ್ಕಿಂತ ಜಾಸ್ತಿ ಗಂಟೆ, ಅಂದರೆ ಒಂದರಿಂದ ಎರಡು ವರ್ಷ. ಅದರಲ್ಲಿ ಒಂದು ದೊಡ್ಡ ಪಾಲು ಆಸ್ಪತ್ರೆಯಲ್ಲಿ, ಆಂಬುಲೆನ್ಸ್‌ನಲ್ಲಿ ನಿಂತು ಕಲಿಯುವುದು.

ವೀಸಾ ವಿಷಯ ಮೊದಲೇ ತಿಳಿದುಕೋ. ಎಚ್-4 ಮೇಲೆ ಓದಬಹುದು, ದುಡಿಯುವ ಹಾಗಿಲ್ಲ. ನಿನ್ನ ಗಂಡನ ಗ್ರೀನ್ ಕಾರ್ಡ್ ದಾರಿಯಲ್ಲಿ ಐ-140 ಎನ್ನುವ ಅರ್ಜಿ ಮಂಜೂರಾಗಿದ್ದರೆ ನೀನು ಕೆಲಸದ ಪರವಾನಗಿ ಕೇಳಬಹುದು. ಈ ಅನುಕೂಲ 2015ರಿಂದ ಇದೆ. ಮಂಜೂರಾಗಿದೆಯಾ ಇಲ್ಲವಾ ಅಂತ ಇವತ್ತೇ ಅವರನ್ನು ಕೇಳು. ನಾನು ಬಂದಾಗ ಈ ಅನುಕೂಲ ಇರಲಿಲ್ಲ. ಬಂದು ಆರು ವರ್ಷ ಅಡುಗೆಮನೆಯ ಕಿಟಕಿಯಿಂದ ಸೈರನ್ ಕೇಳುತ್ತಾ ಕೂತಿದ್ದೆ.

ಇನ್ನು ನೀನು ಕೇಳದೇ ಇದ್ದದ್ದು. ನಾಲ್ಕು ವರ್ಷದ ಅನುಭವ ಇದೆ, ಪರೀಕ್ಷೆ ಏನು ಮಹಾ ಅಂತ ನಿನಗೆ ಅನ್ನಿಸಿರುತ್ತದೆ. ಕೇಳು, ಆ ಅನುಭವವೇ ಮೊದಲು ಎಡವಿಸುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಪ್ರಜ್ಞೆ ಇಲ್ಲದ ಹುಡುಗ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿದೆ. ನಿನಗೆ ಏನು ಹೊಳೆಯಿತು? ಎಣ್ಣೆ ಕುಡಿದಿದ್ದಾನೆ, ಅಲ್ವಾ. ನಮ್ಮ ಭತ್ತದ ಸೀಮೆಯಲ್ಲಿ, ಹತ್ತಿ ಮೆಣಸಿನಕಾಯಿ ಹೊಲದಲ್ಲಿ ಹೊಡೆಯುವ ಎಣ್ಣೆ, ಕೀಟನಾಶಕ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಬೆಳ್ಳುಳ್ಳಿಯಂಥ ವಾಸನೆ, ಅದಕ್ಕೆ ಮದ್ದು ಅಟ್ರೋಪಿನ್, ಓಡು ಬಳ್ಳಾರಿಗೆ. ನನಗೂ ಅದೇ ಹೊಳೆಯಿತು. ತರಗತಿಯಲ್ಲಿ ಕೈ ಎತ್ತಿ ಹೇಳಿದೆ. ಮೇಷ್ಟ್ರು ನನ್ನನ್ನೇ ನೋಡಿದರು. ಇಲ್ಲಿ ಆ ಪಾಪೆ ಕಂಡರೆ ಮೊದಲು ನೆನಪಾಗಬೇಕಾದದ್ದು ಅಫೀಮಿನ ಜಾತಿಯ ಔಷಧ, ಫೆಂಟನಿಲ್ ಥರದ್ದು. ಬಾಯಿ ಒಣಗಿರುತ್ತದೆ, ಉಸಿರು ನಿಮಿಷಕ್ಕೆ ನಾಲ್ಕೋ ಆರೋ. ಮೊದಲು ಬ್ಯಾಗ್ ಹಿಡಿದು ಉಸಿರು ಕೊಡಬೇಕು, ಆಮೇಲೆ ಮೂಗಿಗೆ ಆ ಔಷಧದ ಪರಿಣಾಮ ಇಳಿಸುವ ನಲೋಕ್ಸೋನ್ ಸ್ಪ್ರೇ. 2023ರಿಂದ ಆ ಸ್ಪ್ರೇ ಔಷಧ ಅಂಗಡಿಯಲ್ಲಿ ಡಾಕ್ಟರ್ ಚೀಟಿ ಇಲ್ಲದೆಯೂ ಸಿಗುತ್ತಿದೆ. ಪಾಪೆ ಒಂದೇ, ಊರು ಬೇರೆ. ನನ್ನ ಉತ್ತರ ತಪ್ಪೇನಲ್ಲ, ಸಿಂಧನೂರಿನ ಉತ್ತರ ಅಷ್ಟೇ.

ಇನ್ನೊಂದು, ನಿನ್ನ ಕೈ ಸುಮ್ನೆ ಇರಲ್ಲ. ನರ್ಸ್ ಆದವಳು ನರ ಕಂಡ ಕೂಡಲೇ ಸೂಜಿ ಹುಡುಕುತ್ತಾಳೆ. ಇಲ್ಲಿ ಸಾಮಾನ್ಯವಾಗಿ ಇಎಂಟಿ ಡ್ರಿಪ್ ಹಾಕುವ ಹಾಗಿಲ್ಲ. ಆಕ್ಸಿಜನ್, ಬಾಯಿಗೆ ಗ್ಲೂಕೋಸ್, ಎದೆನೋವಿಗೆ ಆಸ್ಪಿರಿನ್, ಹೃದಯ ನಿಂತಾಗ ಶಾಕ್ ಕೊಡುವ ಎಇಡಿ ಯಂತ್ರ, ರಕ್ತ ನಿಲ್ಲಿಸುವುದು, ಮುರಿದ ಮೂಳೆಗೆ ಕಟ್ಟು ಹಾಕುವುದು, ಹೆಚ್ಚುಕಡಿಮೆ ಇಷ್ಟೇ. ಡ್ರಿಪ್, ಹೃದಯದ ಔಷಧ, ಗಂಟಲಿಗೆ ಕೊಳವೆ ಎಲ್ಲ ಪ್ಯಾರಾಮೆಡಿಕ್ ಪಾಲು. ಪರೀಕ್ಷೆಯಲ್ಲಿ ಎಷ್ಟೋ ಸಲ ನಾಲ್ಕು ಉತ್ತರದಲ್ಲಿ ಮೂರು ಸರಿ ಅನ್ನಿಸುತ್ತವೆ. ಅವರು ಕೇಳುವುದು, ಇವುಗಳಲ್ಲಿ ಮೊದಲು ಯಾವುದು ಅಂತ. ಜಾಗ ಸುರಕ್ಷಿತವಾಗಿದೆಯಾ, ಉಸಿರಿನ ದಾರಿ ತೆರೆದಿದೆಯಾ, ಆಮೇಲೆ ಉಳಿದದ್ದು. ಪರೀಕ್ಷೆ ಕಂಪ್ಯೂಟರ್ ಮೇಲೆ. 70ರಿಂದ 120 ಪ್ರಶ್ನೆ, ಎರಡು ಗಂಟೆ. ನೀನು ಹೇಗೆ ಉತ್ತರಿಸುತ್ತೀಯ ಅನ್ನುವುದರ ಮೇಲೆ ಮುಂದಿನ ಪ್ರಶ್ನೆ ಬರುತ್ತದೆ. 70ಕ್ಕೇ ಫಟ್ ಅಂತ ನಿಂತುಬಿಟ್ಟರೆ ಗಾಬರಿಯಾಗಬೇಡ. ತುಂಬಾ ಚೆನ್ನಾಗಿ ಮಾಡಿದ್ದರೂ ಬೇಗ ನಿಲ್ಲುತ್ತದೆ, ತುಂಬಾ ಕೆಟ್ಟದಾಗಿ ಮಾಡಿದ್ದರೂ ಬೇಗ ನಿಲ್ಲುತ್ತದೆ. ಫೇಲಾದರೆ 15 ದಿನ ಬಿಟ್ಟು ಮತ್ತೆ ಕೂರಬಹುದು.

ಭಾಷೆ ಬಗ್ಗೆ ಹೇಳಲೇಬೇಕು. ಇಂಗ್ಲಿಷ್ ಬರುತ್ತೆ ಅಂತ ಬರೆದಿದ್ದೀಯ. ನನಗೂ ಬರುತ್ತಿತ್ತು. ಮೊದಲ ತಿಂಗಳು ಏಣಿಯಿಂದ ಬಿದ್ದ ಒಬ್ಬ ಅಜ್ಜನನ್ನು ಕರೆದೊಯ್ಯುತ್ತಾ ರೇಡಿಯೋದಲ್ಲಿ ಆಸ್ಪತ್ರೆಗೆ ‘ಹ್ಯಾಂಡ್ ಫ್ರಾಕ್ಚರ್’ ಅಂದೆ. ಒಳಗೆ ಹೋದರೆ ನರ್ಸ್ ಅವರ ಅಂಗೈ ಬೆರಳು ತಿರುಗಿಸಿ ನೋಡುತ್ತಿದ್ದಾಳೆ. ಮುರಿದದ್ದು ಭುಜದ ಕೆಳಗಿನ ಮೂಳೆ. ನಮಗೆ ಭುಜದಿಂದ ಬೆರಳತನಕ ಎಲ್ಲಾ ಕೈ, ಸೊಂಟದಿಂದ ಕೆಳಗೆ ಎಲ್ಲಾ ಕಾಲು. ಇವರಿಗೆ ‘ಆರ್ಮ್’ ಬೇರೆ ‘ಹ್ಯಾಂಡ್’ ಬೇರೆ, ‘ಲೆಗ್’ ಬೇರೆ ‘ಫುಟ್’ ಬೇರೆ. ಅವತ್ತು ಕಿವಿ ಕೆಂಪಾಯಿತು. ಆಮೇಲೆ ಒಂದು ನೋಟ್‌ಬುಕ್ ಮಾಡಿಕೊಂಡೆ. ನಾವು ‘ಫಿಟ್ಸ್’ ಅನ್ನುವುದು ಇಲ್ಲಿ ‘ಸೀಜರ್’. ‘ಲೂಸ್ ಮೋಷನ್’ ಅಂದರೆ ಯಾರಿಗೂ ಅರ್ಥ ಆಗಲ್ಲ, ‘ಡಯೇರಿಯಾ’ ಅನ್ನಬೇಕು. ‘ಗಿಡ್ಡಿನೆಸ್’ ಅಂದರೆ ನಗುತ್ತಾರೆ. ‘ಕ್ಯಾಜುವಾಲ್ಟಿ’ಗೆ ಒಯ್ಯುತ್ತಿದ್ದೇವೆ ಅಂದರೆ ಯಾರೋ ಸತ್ತರು ಅಂದುಕೊಳ್ಳುತ್ತಾರೆ, ಅದು ಇಲ್ಲಿ ‘ಇಆರ್’. ಈ ನೋಟ್‌ಬುಕ್ ನೀನು ಊರಲ್ಲಿದ್ದಾಗಲೇ ಶುರು ಮಾಡು.

ಆದರೆ ನಿಜವಾಗಿ ಹೊಸದು ಅನ್ನಿಸಿದ್ದು ಬೇರೆ. ಇಲ್ಲಿ ಜನ ಇರಲ್ಲ. ನಿನ್ನ ಆಂಬುಲೆನ್ಸ್ ಒಂದು ಊರಿಗೆ ಹೋಗಿ ನಿಂತರೆ ಏನಾಗುತ್ತದೆ ನೆನಪು ಮಾಡಿಕೋ. ನಲವತ್ತು ಜನ ಸುತ್ತುವರಿದು, ನಾಲ್ಕು ಜನ ಪೇಷೆಂಟನ್ನು ಎತ್ತಿ, ಇಬ್ಬರು ಒಳಗೆ ಹತ್ತಿ, ದೊಡ್ಡಪ್ಪ ಒಬ್ಬರು ಸರ್ಕಾರಿ ಆಸ್ಪತ್ರೆ ವಿಮ್ಸ್‌ಗೆ ಹೋಗೋಣ ಅಂತಲೂ, ಮಾವ ಒಬ್ಬರು ಬೇಡ ಪ್ರೈವೇಟ್‌ಗೆ ಅಂತಲೂ ಜಗಳ ತೆಗೆದಿರುತ್ತಾರೆ. ಪೇಷೆಂಟನ್ನು ಯಾರೂ ಕೇಳಲ್ಲ. ಇಲ್ಲಿ ಬಾಗಿಲು ತೆಗೆಯುವವರೇ ಪೇಷೆಂಟ್. ಒಳಗೆ ಟಿವಿ ಓಡುತ್ತಿರುತ್ತದೆ, ಇನ್ನೊಂದು ಜೀವ ಅಂದರೆ ಬೆಕ್ಕು. ಅವರು ಬರಲ್ಲ ಅಂದರೆ ಕರೆದುಕೊಂಡು ಹೋಗುವ ಹಾಗಿಲ್ಲ. ಹೆಸರು, ಇರುವ ಜಾಗ, ದಿನ, ಏನಾಯಿತು ಅಂತ ಕೇಳಬೇಕು. ಎಲ್ಲಕ್ಕೂ ಸರಿಯಾಗಿ ಹೇಳಿ, ನಾವು ಹೇಳಿದ ಅಪಾಯ ಅವರಿಗೆ ಅರ್ಥವಾಗಿದೆ ಅಂತ ನಮಗೂ ಖಾತ್ರಿಯಾದರೆ, ತೀರ್ಮಾನ ಅವರದೇ. ಸಹಿ ತಗೊಂಡು ಬರಬೇಕು.

ಒಬ್ಬ ಮುದುಕಿ ಎದೆನೋವು ಅಂತ ಕರೆದಿದ್ದರು. ಬಿಲ್ ಎಷ್ಟು ಬರುತ್ತೆ ಅಂತ ಮೊದಲ ಪ್ರಶ್ನೆ. ನಿನ್ನ 108ಕ್ಕೆ ದುಡ್ಡು ಕೊಡಬೇಕಿಲ್ಲ, ಇಲ್ಲಿ ಆಂಬುಲೆನ್ಸ್ ಮನೆಗೆ ಬಿಲ್ ಕಳಿಸುತ್ತದೆ. ಗೊತ್ತಾದ ಮೇಲೆ ಬರಲ್ಲ ಅಂದರು. ನಾನು ನಮ್ಮ ಅಜ್ಜಿಗೆ ಗದರಿಸುವ ಹಾಗೆ ಗದರಿಸೋಕೆ ಹೋದೆ. ಜೊತೆಗಿದ್ದ ಪ್ಯಾರಾಮೆಡಿಕ್ ನನ್ನ ಭುಜ ಮುಟ್ಟಿ ಸುಮ್ಮನಿರಿಸಿದ. ನೆಲದ ಮೇಲೆ ಅವರ ಮುಂದೆ ಕೂತು ಇಪ್ಪತ್ತು ನಿಮಿಷ ಮಾತಾಡಿದ, ಇಸಿಜಿ ಪಟ್ಟಿ ತೋರಿಸಿದ, ಫೋನಿನಲ್ಲಿ ಡಾಕ್ಟರ್ ಜೊತೆ ಮಾತಾಡಿಸಿದ. ಆದರೂ ಅವರು ಸಹಿ ಹಾಕಿದರು, ನಾವು ಹೊರಗೆ ಬಂದೆವು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಮೂರು ಗಂಟೆ ಬಿಟ್ಟು ಅವರೇ ಮತ್ತೆ ಕರೆದರು, ಆ ಸಲ ಬೇರೆ ಗಾಡಿ ಹೋಯಿತು. ಏನಾಯಿತು ಅಂತ ನನಗೆ ತಿಳಿಯಲಿಲ್ಲ. ತಿಳಿಯದೇ ಉಳಿಯುವುದೂ ಈ ಕೆಲಸದಲ್ಲಿ ಇದ್ದದ್ದೇ, ಅದು ನಿನಗೆ ಗೊತ್ತು.

ಜನ ಇಲ್ಲ ಅಂದರೆ ಎತ್ತುವವರೂ ಇಲ್ಲ. ನೀನು ಮತ್ತು ನಿನ್ನ ಜೊತೆಗಾರ, ಇಬ್ಬರೇ. ಪೇಷೆಂಟ್ 120 ಕಿಲೋ ಇರಬಹುದು, ಇವರ ಲೆಕ್ಕದಲ್ಲಿ 265 ಪೌಂಡ್. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಭಾರ ಎತ್ತಿಸಿ ನೋಡುತ್ತಾರೆ. ನಾನು ಆರು ತಿಂಗಳು ಜಿಮ್‌ಗೆ ಹೋದೆ, ಜೋಳದ ರೊಟ್ಟಿ ಜೊತೆ ಎರಡು ಮೊಟ್ಟೆ ಜಾಸ್ತಿ ತಿಂದೆ. ಮನೆಯಲ್ಲಿ ಅತ್ತೆಗೆ ಹೇಳಲಿಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸ ಪೈಲಟ್. 108ರಲ್ಲಿ ಗಾಡಿ ಓಡಿಸೋಕೆ ಪೈಲಟ್ ಇರುತ್ತಾರೆ, ನೀನು ಹಿಂದೆ ಕೂರುತ್ತೀಯ. ಇಲ್ಲಿ ಪೈಲಟ್ ಅಂತ ಬೇರೆ ಹುದ್ದೆ ಇಲ್ಲ. ಇಬ್ಬರೂ ಓಡಿಸಬೇಕು. ಪ್ಯಾರಾಮೆಡಿಕ್ ಹಿಂದೆ ಇದ್ದರೆ ಸ್ಟಿಯರಿಂಗ್ ಇಎಂಟಿ ಕೈಯಲ್ಲಿ. ಕಾರು ಓಡಿಸಿ ಗೊತ್ತಿಲ್ಲ ಅಂದಿದ್ದೀಯ. ನಿನ್ನ ದಾರಿಯಲ್ಲಿ ಪರೀಕ್ಷೆಗಿಂತ ದೊಡ್ಡ ಗುಡ್ಡ ಇದೇ.

ಸಂಬಳ ಕೇಳಿದ್ದೀಯ. 2024ರ ಸರ್ಕಾರಿ ಲೆಕ್ಕದಲ್ಲಿ ದೇಶದ ಮಟ್ಟಿಗೆ ಇಎಂಟಿಗೆ ವರ್ಷಕ್ಕೆ ಸುಮಾರು 41 ಸಾವಿರ ಡಾಲರ್, ಪ್ಯಾರಾಮೆಡಿಕ್‌ಗೆ 58 ಸಾವಿರ. ರಿಜಿಸ್ಟರ್ಡ್ ನರ್ಸ್‌ಗೆ 93 ಸಾವಿರ ದಾಟುತ್ತದೆ. ಈ ಕೊನೆಯ ಅಂಕಿ ಬೇಕಂತಲೇ ಬರೆದೆ. ನೀನು ಜಿಎನ್‌ಎಂ. ನಿನ್ನ ಓದಿನ ದಾಖಲೆ ಇಲ್ಲಿನವರು ತೂಗಿ ನೋಡಿ ಒಪ್ಪಿದರೆ ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು ನರ್ಸ್ ಆಗಬಹುದು. ನಾನು ನರ್ಸಿಂಗ್ ಓದಿರಲಿಲ್ಲ, ನನಗೆ ಆ ದಾರಿ ಇರಲಿಲ್ಲ. ನನ್ನನ್ನು ಕೇಳಿದರೆ ಎರಡನ್ನೂ ಒಟ್ಟಿಗೆ ಶುರು ಮಾಡು. ಕಾಗದಪತ್ರ ಓಡಾಡುವಷ್ಟು ತಿಂಗಳು ಇಎಂಟಿ ಕೋರ್ಸ್ ಮಾಡು, ಇಲ್ಲಿನ ಮಾತು, ಇಲ್ಲಿನ ಆಸ್ಪತ್ರೆ ಅಭ್ಯಾಸ ಆಗುತ್ತದೆ. ಆಮೇಲೆ ನಿನಗೆ ವಾರ್ಡ್ ಇಷ್ಟವೋ ರಸ್ತೆ ಇಷ್ಟವೋ ನೀನೇ ನೋಡಿಕೋ. ಇಎಂಟಿಯ ಮೊದಲ ನೌಕರಿ ಬಹುಪಾಲು ಡಯಾಲಿಸಿಸ್‌ಗೆ ಹೋಗುವವರನ್ನು ಕರೆದೊಯ್ದು ಬಿಡುವುದು, ಸೈರನ್ ಗೀರನ್ ಏನೂ ಇರಲ್ಲ. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೋ.

ಬಿಸಿಲಿನ ಬಗ್ಗೆ ನಿನ್ನ ಅಮ್ಮ ಹೆದರಿದ್ದಾರಂತೆ. ಬಳ್ಳಾರಿಯಲ್ಲಿ ಬೆಳೆದವಳಿಗೆ ಟೆಕ್ಸಾಸ್ ಬಿಸಿಲು ಏನು ಮಾಡುತ್ತೆ ಹೇಳು. ಹೆದರಬೇಕಾದದ್ದು ಚಳಿಗೆ. 2021ರ ಫೆಬ್ರುವರಿಯಲ್ಲಿ ಇಲ್ಲಿ ಹಿಮ ಬಿದ್ದು ದಿನಗಟ್ಟಲೆ ಕರೆಂಟ್ ಹೋಯಿತು. ಜನ ಇದ್ದಿಲಿನ ಒಲೆ ಮನೆಯೊಳಗೆ ತಂದು ಬಾಗಿಲು ಹಾಕಿಕೊಂಡರು. ತಲೆನೋವು, ವಾಂತಿ ಅಂತ ಒಂದೇ ಮನೆಯಿಂದ ನಾಲ್ಕು ಜನ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸುತ್ತದೆ. ಅದು ಕಾರ್ಬನ್ ಮೊನಾಕ್ಸೈಡನ್ನು ಆಕ್ಸಿಜನ್ ಅಂತಲೇ ಓದುತ್ತದೆ. ಇದನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೋ, ಊರಲ್ಲೂ ಕೆಲಸಕ್ಕೆ ಬರುತ್ತದೆ.

ಬರುವ ಮೊದಲು ಬೆಂಗಳೂರಿಗೆ ಒಂದು ಸಲ ಹೋಗಿ ನರ್ಸಿಂಗ್ ಕೌನ್ಸಿಲ್ ಕಾಗದ, ಕಾಲೇಜಿನ ಅಂಕಪಟ್ಟಿ, ಪಾಠದ ಗಂಟೆಗಳ ವಿವರ ಎಲ್ಲ ಕೈಗೆ ತಗೋ. ಇಲ್ಲಿ ಕೂತು ತರಿಸುವುದು ಹೆಣಗಾಟ. ಹೆಪಟೈಟಿಸ್-ಬಿ ಮೂರು ಡೋಸ್, ದಡಾರ, ಚಿಕನ್‌ಪಾಕ್ಸ್ ಲಸಿಕೆ ಚೀಟಿ ಇದ್ದರೆ ತಾ. ಇಲ್ಲಿ ಟಿಬಿ ಪರೀಕ್ಷೆ ಮಾಡುತ್ತಾರೆ. ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿಕೊಂಡ ನಮ್ಮಂಥವರಿಗೆ ಚರ್ಮದ ಪರೀಕ್ಷೆ ಸುಮ್ನೆ ಪಾಸಿಟಿವ್ ಬರಬಹುದು. ರಕ್ತದ ಪರೀಕ್ಷೆ ಮಾಡಿ ಅಂತ ಕೇಳು. ನನ್ನ ಎಡತೋಳಿನ ಕಲೆ ನೋಡಿ ಕಾಲೇಜಿನ ನರ್ಸ್ ಇದೇನು ಗಾಯ ಅಂತ ಕೇಳಿದ್ದಳು.

ಟಿಕೆಟ್ ಆದ ಮೇಲೆ ದಿನಾಂಕ ತಿಳಿಸು. ಲರ್ನರ್ ಪರ್ಮಿಟ್ ಮಾಡಿಸಿಕೊಂಡ ಮೊದಲ ಭಾನುವಾರ ಮನೆಗೆ ಬಾ. ಬೆಳಿಗ್ಗೆ ಒಗ್ಗರಣೆ, ಮಿರ್ಚಿ ಮಾಡುತ್ತೇನೆ, ತಿಂದು ಹತ್ತಿರದ ಚರ್ಚಿನ ಖಾಲಿ ಪಾರ್ಕಿಂಗ್‌ಗೆ ಹೋಗೋಣ. ನನ್ನ ಕಾರಿಗೆ ಆಗಲೇ ಎರಡು ಕಡೆ ಗೀರು ಬಿದ್ದಿದೆ, ನೀನೇನೂ ಅಂಜಬೇಡ.